ಜಪಾನೀ ಅಕ್ಷರಾರಣ್ಯಕ್ಕೆ ಮೂರು ದಾರಿ

ಟೋಕಿಯೋ ಮಹಾನಗರದ ಕಾಂಡಾ ಭಾಗದಲ್ಲಿರುವ ಜಿಂಬೋಚೋ, ಪುಸ್ತಕಗಳ ಪೇಟೆ. ನೂರಕ್ಕೂ ಮಿಕ್ಕಿದ ಹಳೆಯ ಪುಸ್ತಕದಂಗಡಿಗಳು ಅಲ್ಲಿವೆ. ಬಿಸಿಲು ತಗಲಿ ಹಾಳೆಗಳು ಮಾಸದಿರಲೆಂದು ಅವುಗಳಲ್ಲಿ ಬಹುಪಾಲು ಯಾಸುಕುನಿ ಬೀದಿಯ ದಕ್ಷಿಣ ಮಗ್ಗುಲಲ್ಲಿ ಉತ್ತರಾಭಿಮುಖವಾಗಿ ನಿಂತಿವೆ. ಜಪಾನೀ ಭಾಷೆಗೆ ಹೊಸಬನಾದವನಲ್ಲಿ ಆಸೆಯನ್ನೂ ಅಳುಕನ್ನೂ ಒಟ್ಟಿಗೆ ಹುಟ್ಟಿಸುವ ಬೀದಿ ಇದು.

ಅಳುಕಿಗೆ ಕಾರಣವುಂಟು. ಕನ್ನಡದ ಕಾಗುಣಿತ ಬಲ್ಲವನು ಅರ್ಥವರಿಯದ ಪದವನ್ನೂ ಓದಿ ಹೇಳಬಲ್ಲ. ಜಪಾನಿನಲ್ಲಿಯೂ ಅಂತಹ ಧ್ವನ್ಯಕ್ಷರಗಳಿವೆ. ಹಿರಗಾನ, ಕಟಕಾನ ಎಂಬ ಎರಡು ಮಾಲೆಗಳಲ್ಲಿ ತಲಾ 46 ಮೂಲಾಕ್ಷರಗಳು. ಅವುಗಳ ಅ, ಇ, ಉ, ಎ, ಒ ಎಂಬ ಅನುಕ್ರಮದಲ್ಲಿ, ಬೌದ್ಧ ಭಿಕ್ಷುಗಳು ಅಭ್ಯಸಿಸಿದ ಸಂಸ್ಕೃತ ವರ್ಣಮಾಲೆಯ ನೆರಳು ಕಾಣುತ್ತದೆ. ಕೆಲವು ವಾರಗಳ ಶ್ರಮಕ್ಕೆ ಅವು ಕೈವಶವಾಗುತ್ತವೆ. ಆದರೆ ಚೀನಾದಿಂದ ಬಂದ ಕಾಂಜಿಯ ರೀತಿಯೇ ಬೇರೆ. ಅಲ್ಲಿ ಅರ್ಥ ಹೊಳೆದರೂ ಉಚ್ಚಾರಣೆ ತಿಳಿಯದೆ ಹೋಗಬಹುದು. ನಿತ್ಯ ಬಳಕೆಗೆಂದು ಸರಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿಯೇ 2,136 ಕಾಂಜಿಗಳಿವೆ. ಇವುಗಳನ್ನು ಕಲಿಯುವುದೆಂತು?

ಮೊದಲನೆಯದು ಶಾಲೆಯ ದಾರಿ. ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ ಮಕ್ಕಳು 1,026 ಕಾಂಜಿಗಳನ್ನು ಕಲಿಯುತ್ತಾರೆ. ಒಂದನೆಯ ತರಗತಿಗೆ 80. ಗೆರೆಗಳ ಕ್ರಮ ತಪ್ಪದಂತೆ, ಚೌಕುಳಿ ಹಾಳೆಯಲ್ಲಿ ತಿದ್ದಿ ತಿದ್ದಿ ಬರೆಯುವ ಪದ್ಧತಿ. ಕೈಗೆ ಒಮ್ಮೆ ಪಳಗಿದ ಅಕ್ಷರ ಬೇಗ ಮರೆಯದು. ಆದರೆ ಆರು ವರ್ಷದ ಜಪಾನೀ ಮಗು ಸಾವಿರಾರು ಮಾತುಗಳನ್ನು ನಾಲಗೆಯ ಮೇಲಿರಿಸಿಕೊಂಡೇ ಶಾಲೆಗೆ ಬರುತ್ತದೆ. ಅದಕ್ಕೆ ಬೇಕಾದುದು ಬಲ್ಲ ಮಾತಿಗೊಂದು ರೂಪ. ಪರದೇಶದ ವಯಸ್ಕನಿಗೆ ರೂಪವೂ ಹೊಸದು, ಮಾತೂ ಹೊಸದು.

ಎರಡನೆಯದು ಕಥೆಯ ದಾರಿ. ಜೇಮ್ಸ್ ಹೈಸಿಗ್ ಎಂಬ ವಿದ್ವಾಂಸರು 1977ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಇದು ಪ್ರಸಿದ್ಧವಾಯಿತು. ಕಾಂಜಿಯನ್ನು ಅದರ ಅಂಗಗಳಾಗಿ ಬಿಡಿಸಿ, ಅವುಗಳನ್ನು ಕಲ್ಪನೆಯ ಎಳೆಯಿಂದ ಪೋಣಿಸಬೇಕು. ಮರದ ಪಕ್ಕದಲ್ಲಿ ಮನುಷ್ಯನಿದ್ದರೆ ವಿಶ್ರಾಂತಿ. ಸೂರ್ಯನೊಡನೆ ಚಂದ್ರನಿದ್ದರೆ ಬೆಳಕು. ಎರಡು ಮರ ಸೇರಿದರೆ ತೋಪು, ಮೂರು ಸೇರಿದರೆ ಕಾಡು! ಕಲಿಕೆ ಆಟದಂತೆ ಸಾಗುತ್ತದೆ. ಆದರೆ ಆ ಗ್ರಂಥದ ಮೊದಲ ಸಂಪುಟದಲ್ಲಿ ಉಚ್ಚಾರಣೆಯ ಪಾಠವಿಲ್ಲ. ಅದೊಂದನ್ನೇ ನೆಚ್ಚಿದವನು ಎರಡು ಸಾವಿರ ಅಕ್ಷರಗಳ ಅರ್ಥವನ್ನು ಬಲ್ಲವನಾಗಿಯೂ ಉಪಾಹಾರ ಗೃಹದ ತಿನಿಸಿನ ಪಟ್ಟಿಯೆದುರು ಮೂಕನಾಗಬೇಕಾದೀತು.

ಮೂರನೆಯದು ಪದಗಳ ದಾರಿ. ಜಿಂಬೋಚೋದಲ್ಲಿ ನೆಲದಡಿಯ ರೈಲು ಹಿಡಿದು ಶಿಂಜುಕು ನಿಲ್ದಾಣದಲ್ಲಿ ಇಳಿದರೆ ಇದರ ಮರ್ಮ ತಿಳಿಯುತ್ತದೆ. ಅಲ್ಲಿಯ ಫಲಕಗಳಲ್ಲಿ ‘ಹಿಗಾಶಿಗುಚಿ’ ಎಂದರೆ ಮೂಡಣ ದ್ವಾರ, ‘ನಿಶಿಗುಚಿ’ ಎಂದರೆ ಪಡುವಣ ದ್ವಾರ. ಎರಡರ ಕೊನೆಗೂ ಬರುವ ಬರಿಯ ಚೌಕವೇ ಬಾಯಿ. ಇನ್ನು ಮೂಡಣವನ್ನು ಸೂಚಿಸುವ ‘ಹಿಗಾಶಿ’ಯ ಅಕ್ಷರವೇ ಟೋಕಿಯೋ ಎಂಬ ಹೆಸರಿನ ಮೊದಲಲ್ಲಿ ‘ಟೋ’ ಎಂದು ನುಡಿಯುತ್ತದೆ. ಟೋಕಿಯೋ ಎಂದರೆ ಮೂಡಣ ರಾಜಧಾನಿ! ಚೀನೀ ಮೂಲದ ಉಚ್ಚಾರಣೆಯೊಂದು, ನಾಡಿನ ಮಾತೊಂದು ಒಂದೇ ಅಕ್ಷರದಲ್ಲಿ ಮನೆಮಾಡಿವೆ. ಎಲ್ಲಿ ಯಾವುದೆಂಬುದನ್ನು ಪದವೇ ಹೇಳಬೇಕು. ಒಂಟಿ ಅಕ್ಷರ ಹೇಳಲಾರದು.

ಈ ದಾರಿಯಲ್ಲಿಯೂ ಮುಳ್ಳುಗಳುಂಟು. ‘ಕಾಯುವುದು’, ‘ಹಿಡಿಯುವುದು’ ಎಂಬ ಎರಡು ಕಾಂಜಿಗಳ ಬಲಭಾಗದಲ್ಲಿರುವುದು ಒಂದೇ ದೇಗುಲ. ಎಡಭಾಗ ಮಾತ್ರ ಬೇರೆ. ಅಂಗಗಳನ್ನು ಬಿಡಿಸಿ ನೋಡದವನಿಗೆ ಇವು ಅವಳಿ ಮಕ್ಕಳಂತೆ ಕಾಣುತ್ತವೆ. ಕಥೆ ನೆರವಿಗೆ ಬರಬೇಕಾದುದು ಇಲ್ಲಿಯೇ.

ಆದುದರಿಂದ ಆಯ್ಕೆ ಉದ್ದೇಶಕ್ಕೆ ತಕ್ಕಂತಿರಬೇಕು. ಓದುವುದು, ಮಾತಾಡುವುದು ಗುರಿಯಾದ ಹೊಸಬನಿಗೆ ಪದಗಳದೇ ಹೆದ್ದಾರಿ. ಧ್ವನ್ಯಕ್ಷರಗಳನ್ನು ಮೊದಲೇ ಮುಗಿಸಿ, ದಿನಕ್ಕೆ ನಾಲ್ಕಾರು ಪದ ಕಲಿತು, ತೊಡಕಿನ ರೂಪಕ್ಕೊಂದು ಕಥೆ ಕಟ್ಟಿ, ಮುಖ್ಯವಾದವುಗಳನ್ನು ಕೈಯಿಂದ ತಿದ್ದಿದರೆ ಮೂರು ದಾರಿಗಳ ಫಲವೂ ದೊರೆಯುತ್ತದೆ. ಕಲಿತುದನ್ನು ಮರುದಿನ, ಮತ್ತೆ ವಾರದ ಬಳಿಕ, ಮತ್ತೆ ತಿಂಗಳ ಬಳಿಕ ಮೆಲುಕು ಹಾಕುವುದು ಯಾವ ದಾರಿಗೂ ತಪ್ಪದ ಸುಂಕ. ಇಂದು ಮೊಬೈಲ್ ಫೋನು ಆ ಲೆಕ್ಕವನ್ನು ಇಟ್ಟುಕೊಡಬಲ್ಲುದು. ಮೆಲುಕನ್ನು ಮಾತ್ರ ಕಲಿಯುವವನೇ ಹಾಕಬೇಕು. ತಿಂಗಳಿಗೊಂದು ಪದ್ಧತಿ ಬದಲಿಸುತ್ತ ಎಂಬತ್ತು ಅಕ್ಷರಗಳ ಹೊಸ್ತಿಲಲ್ಲಿಯೇ ನಿಂತುಬಿಡುವುದಕ್ಕಿಂತ, ಸಾಧಾರಣವಾದ ಒಂದು ಪದ್ಧತಿಯನ್ನು ಹಿಡಿದು ವರ್ಷವೆಲ್ಲ ನಡೆಯುವುದೇ ಲೇಸು. ದಾರಿ ಬದಲಿಸಿದಷ್ಟೂ ಕಾಡು ದೊಡ್ಡದಾಗುತ್ತದೆ. ನಡೆದಷ್ಟೂ ಮರಗಳು ಪರಿಚಿತವಾಗುತ್ತವೆ.