ಗಂಟೇ ಇರಲಿಲ್ಲ

ನನಗೆ ಬಂದ ಕ್ಯಾನ್ಸರಿಗೆ ಗಂಟೇ ಇರಲಿಲ್ಲ. ಕೈಗೆ ಸಿಗಲಿಲ್ಲ, ನೋಯಲಿಲ್ಲ. 40 ದಾಟಿದವರಿಗೆಂದು ಕಂಪನಿಯ ವಾರ್ಷಿಕ ತಪಾಸಣೆಯಲ್ಲಿ ಮ್ಯಾಮೊಗ್ರಾಮ್ ಸೇರಿಸಿದ್ದರು. ಎರಡು ರಿಲೀಸುಗಳ ನಡುವೆ ಬಿಡುವು ಮಾಡಿಕೊಂಡು ಹಿಂಜವಾಡಿಯಿಂದ ಹೋಗಿ ಬಂದೆ. ಎಡಗಡೆಯ ಚಿತ್ರದಲ್ಲಿ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕಿಗಳು, ಕ್ಯಾಲ್ಸಿಯಂ ಕಣಗಳಂತೆ. ಸೂಜಿ ಹಾಕಿ ಚೂರು ತೆಗೆದು ನೋಡಿದರು. ಡಿಸಿಐಎಸ್: ಹಾಲಿನ ನಾಳದ ಒಳಗೇ ಇರುವ, ಇನ್ನೂ ಗೋಡೆ ದಾಟದ ಕ್ಯಾನ್ಸರ್. ಹಂತ ಸೊನ್ನೆ.

ಸೊನ್ನೆ ಎಂದಾಗ ಉಸಿರು ಬಿಟ್ಟಿದ್ದೆ. ಆದರೆ ಚುಕ್ಕಿಗಳು ಒಂದೇ ಕಡೆ ಇರಲಿಲ್ಲ, ಸ್ತನದ ತುಂಬ ಹರಡಿದ್ದವು. ಪೂರ್ತಿ ತೆಗೆಯಬೇಕು ಎಂದರು. ಗೋಡೆ ದಾಟಿದ ಗಂಟಿರುವವರಿಗೂ ಎಷ್ಟೋ ಸಲ ಸ್ತನ ಉಳಿಸಲು ಬರುತ್ತದೆ, ಸೊನ್ನೆಯವಳಿಗೆ ಉಳಿಯುವುದಿಲ್ಲ! ಈ ಲೆಕ್ಕ ನನ್ನ ತಲೆಗೆ ಹೋಗಲು ಒಂದು ವಾರ ಬೇಕಾಯಿತು. ಧಾರವಾಡದಲ್ಲಿರುವ ಅವ್ವನಿಗೆ ಫೋನಿನಲ್ಲಿ ಹೇಳಲು ಆಗಲೇ ಇಲ್ಲ. "ಅಲ್ಲವಾ, ಗಂಟ ಇಲ್ಲಂತಿ, ನೋವ ಇಲ್ಲಂತಿ. ಮತ್ತ ಕೊಯ್ಯೂದ್ಯಾಕ?"

ಕೊಯ್ಯುವುದನ್ನಾದರೂ ಮನೆಯವರು ಒಪ್ಪಿದರು, ಮತ್ತೆ ಕಟ್ಟಿಸಿಕೊಳ್ಳುವುದನ್ನಲ್ಲ. ಮಕ್ಕಳು ದೊಡ್ಡವರಾದರಲ್ಲ, ಇನ್ನು ಯಾಕೆ ಎಂದರು ಅತ್ತೆ. ಗಂಡ ಪ್ರೀತಿಯಿಂದಲೇ, "ನನಗೇನ ಬೇಕಾಗಿಲ್ಲ, ನೀ ಇದ್ದರ ಸಾಕು" ಅಂದರು. ಅವರಿಗೆ ಬೇಕೇ ಎಂದು ನಾನು ಕೇಳಿರಲಿಲ್ಲ. ದಿನಾ ಕನ್ನಡಿಯ ಮುಂದೆ ಎರಡೂ ಕಡೆ ಸಮ ಕಾಣುತ್ತದೆಯೇ ಎಂದು ಅಳೆಯುತ್ತ ನಿಲ್ಲುವುದು ನನಗೆ ಬೇಡವಾಗಿತ್ತು, ಅಷ್ಟೇ.

ಸಿಲಿಕಾನ್ ಇಡಬಹುದು, ಇಲ್ಲವೇ ನಿಮ್ಮದೇ ಹೊಟ್ಟೆಯಿಂದ ಮಾಡಬಹುದು ಎಂದು ಪ್ಲಾಸ್ಟಿಕ್ ಸರ್ಜನ್ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಹೊಕ್ಕಳ ಕೆಳಗಿನ ಚರ್ಮ ಮತ್ತು ಕೊಬ್ಬನ್ನು ಅದರ ರಕ್ತನಾಳಗಳ ಸಮೇತ ಬಿಡಿಸಿ, ಎದೆಯ ನಾಳಗಳಿಗೆ ಮೈಕ್ರೋಸ್ಕೋಪಿನಡಿ ಹೊಲಿಯುವುದು. ಹೊಟ್ಟೆಯ ಸ್ನಾಯು ಅಲ್ಲೇ ಉಳಿಯುತ್ತದೆ. ನಾನು ಹೊಟ್ಟೆಯನ್ನೇ ಆರಿಸಿದೆ. ಅಲ್ಲಿ ದಾಸ್ತಾನಿಗೇನೂ ಕೊರತೆ ಇರಲಿಲ್ಲ.

ವಿಮೆಯವರು ಇದು ಸೌಂದರ್ಯ ಚಿಕಿತ್ಸೆ, ಹಣ ಬರುವುದಿಲ್ಲ ಎಂದು ಮೇಲ್ ಕಳಿಸಿದರು. ಕರಾರು ಓದುವುದು ನನ್ನ ಹೊಟ್ಟೆಪಾಡು, ಕೂತು ಓದಿದೆ. ಏನೇನಕ್ಕೆ ಹಣ ಕೊಡುವುದಿಲ್ಲ ಎಂಬ ಪಟ್ಟಿಯ ಭಾಷೆಯನ್ನು ಐಆರ್‌ಡಿಎಐ 2019ರಲ್ಲೇ ಏಕರೂಪ ಮಾಡಿದೆ. ಸೌಂದರ್ಯ ಚಿಕಿತ್ಸೆ ಆ ಪಟ್ಟಿಯಲ್ಲಿದೆ ನಿಜ, ಆದರೆ ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರಿನ ನಂತರದ ಪುನರ್‌ನಿರ್ಮಾಣ ಅದಕ್ಕೆ ಸೇರುವುದಿಲ್ಲ ಎಂದು ಅದೇ ವಾಕ್ಯದಲ್ಲಿದೆ. ಆ ವಾಕ್ಯಕ್ಕೆ ಹಳದಿ ಬಳಿದು ವಾಪಸ್ ಕಳಿಸಿದೆ. ಎರಡೇ ದಿನದಲ್ಲಿ ಮಂಜೂರಾಯಿತು. ನಿಮ್ಮ ಪಾಲಿಸಿಯನ್ನೂ ಒಮ್ಮೆ ತೆರೆದು ನೋಡಿಟ್ಟುಕೊಳ್ಳಿ.

ಎರಡೂ ಸೇರಿ 9 ಗಂಟೆ ಹಿಡಿಯಿತಂತೆ. ಆ ರಾತ್ರಿ ನರ್ಸ್ ಗಂಟೆಗೊಮ್ಮೆ ಬಂದು ಡಾಪ್ಲರ್ ಇಟ್ಟು ರಕ್ತ ಹರಿಯುವ ಸದ್ದು ಕೇಳಿಸಿಕೊಳ್ಳುತ್ತಿದ್ದಳು. ನಿಂತರೆ ಮತ್ತೆ ಥಿಯೇಟರಿಗೆ ಓಡಬೇಕು. ಬೆಳಗಿನ ಜಾವ "ಐಕಾ, ತಾಈ" ಎಂದು ನನಗೂ ಕೇಳಿಸಿದಳು. ಗಾಳಿ ಬೀಸಿದ ಹಾಗೆ ಹುಶ್ ಹುಶ್ ಎನ್ನುತ್ತಿತ್ತು.

ಕೀಮೋ ಬೇಕಾಗಲಿಲ್ಲ. ಆದರೆ ಆ ಜಾಗದಲ್ಲಿ ಸ್ಪರ್ಶವಿಲ್ಲ. ಸ್ನಾನದ ನೀರಿನ ಬಿಸಿಯನ್ನು ಮೊದಲು ಕೈಯಲ್ಲಿ ನೋಡಿಕೊಳ್ಳುತ್ತೇನೆ.

ಅವ್ವ ಪುಣೆಗೆ ಬಂದಾಗ ಬಾಗಿಲು ಹಾಕಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಒಂದು ಕಡೆ ಬೆರಳಿಟ್ಟಳು.

"ಈ ಮಚ್ಚಿ ಹೊಕ್ಕಳದ ಕೆಳಗ ಇತ್ತಲ್ಲ?"

"ಹೌದವ್ವ."