ಹೊಟ್ಟೆಯ ದೂರು, ಕೊಡದ ನೀರು

ನಮ್ಮ ಕೂಡ್ಲಿಗಿ ಕಡೆ ನಾಲ್ಕು ಜನ ಹೆಂಗಸರು ಕೂತರೆ ಮಾತು ಕೊನೆಗೆ ಹೊಟ್ಟೆಗೇ ಬರುತ್ತದೆ. ಅರ್ಧ ರೊಟ್ಟಿಗೇ ಉಬ್ಬರವೆನ್ನುವವಳು ಒಬ್ಬಳು, ಹುಳಿತೇಗೆನ್ನುವವಳು ಇನ್ನೊಬ್ಬಳು. ಓಮಿನಕಾಳು, ಜೀರಿಗೆ ಕಷಾಯ, ಸೋಡಾ ಎಲ್ಲ ಮುಗಿದಿರುತ್ತದೆ. ದೊಡ್ಡ ಊರಿಗೆ ಹೋಗಿ ಗಂಟಲಿಗೆ ಕೊಳವೆ ಇಳಿಸಿ ನೋಡಿಸಿದರೆ ಹುಣ್ಣೂ ಇಲ್ಲ, ಏನೂ ಇಲ್ಲ. ನನಗೂ ಅದೇ ಆಯಿತು. "ಏನಿಲ್ಲಮ್ಮ, ಮನಸ್ಸಿಗೆ ಹಚ್ಚಿಕೋಬೇಡಿ" ಎಂದು ಡಾಕ್ಟರು ಕಳಿಸಿದರು. ಸಂಕಟ ಮಾತ್ರ ನನ್ನ ಜೊತೆಗೇ ಬಸ್ಸು ಹತ್ತಿ ಊರಿಗೆ ಬಂತು.

ಏನಿಲ್ಲ ಎಂದರೆ ಕಣ್ಣಿಗೆ ಕಾಣುವಂಥದ್ದಿಲ್ಲ ಎಂದಷ್ಟೇ. ಹೊಟ್ಟೆಹುಣ್ಣನ್ನೂ ಒಂದು ಕಾಲಕ್ಕೆ ಚಿಂತೆ, ಖಾರದ ಫಲವೆನ್ನುತ್ತಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಒಂದು ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ತರಿಸಿಕೊಂಡರು; ಹುಣ್ಣಿನ ಬೇರು ಅಲ್ಲಿತ್ತು. 2005ರಲ್ಲಿ ಅವರಿಗೂ ರಾಬಿನ್ ವಾರೆನ್‌ಗೂ ನೊಬೆಲ್ ಬಂತು.

ನಮ್ಮ ಸೀಮೆಯಲ್ಲಿ ಇನ್ನೊಂದು ಕಾರಣ ಕೊಡದಲ್ಲೇ ಕೂತಿರಬಹುದು. ತಾಲ್ಲೂಕಿನ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಮಕ್ಕಳ ಹಲ್ಲಿನ ಕಂದು ಕಲೆ, ಹಿರಿಯರ ಕೀಲುನೋವು ಎಲ್ಲರಿಗೂ ಗೊತ್ತು. ಹೊಟ್ಟೆಯ ವಿಚಾರ ಗೊತ್ತಿಲ್ಲ. ಫ್ಲೋರೈಡ್ ಜಠರದ ಆಮ್ಲದೊಡನೆ ಸೇರಿ ಹೈಡ್ರೋಫ್ಲೋರಿಕ್ ಆಮ್ಲವಾಗಿ ಒಳಪದರವನ್ನು ಕೆಣಕುತ್ತದೆ. ಹುಣ್ಣಿಲ್ಲದ ಅಜೀರ್ಣಕ್ಕೆ ಇದೂ ಕಾರಣವಿರಬಹುದೆಂದು ದೆಹಲಿಯ ಎ.ಕೆ. ಸುಶೀಲಾ ಮತ್ತು ಸಂಗಡಿಗರು 1992ರಲ್ಲೇ ಬರೆದರು. ಕೀಲುನೋವಿಗೆಂದು ನುಂಗುವ ಮಾತ್ರೆಯೂ ಮತ್ತೆ ಜಠರವನ್ನೇ ಸುಡುತ್ತದೆ.

ನಮ್ಮ ಬೋರಿನ ನೀರನ್ನು ಪರೀಕ್ಷೆಗೆ ಕೊಟ್ಟೆ. ಮಿತಿ ಮೀರಿತ್ತು. ಕುದಿಸಿದರೆ ಫ್ಲೋರೈಡ್ ಹೋಗದು, ನೀರು ಬತ್ತಿದಷ್ಟೂ ಸಾಂದ್ರವಾಗುತ್ತದೆ. ಕ್ಯಾಂಡಲ್ ಫಿಲ್ಟರಿಗೂ ಬಗ್ಗದು. ಆರ್.ಓ. ಘಟಕದ ನೀರೋ, ಹಿಡಿದಿಟ್ಟ ಮಳೆನೀರೋ ಆಗಬೇಕು. ಕುಡಿಯಲು ಘಟಕದ ನೀರು ತಂದು, ಬೇಳೆಗೂ ಚಹಾಕ್ಕೂ ಬೋರಿನದನ್ನೇ ಸುರಿಯುವ ಮನೆಗಳು ಎಷ್ಟೋ! ಅಡುಗೆಗೂ ನೀರು ಬದಲಿಸಿದ ಮೇಲೆ ನನ್ನ ಉಬ್ಬರ ಇಳಿಯಿತು, ಪೂರ್ತಿ ಹೋಯಿತೆನ್ನಲಾರೆ.

ಎಲ್ಲ ಅಜೀರ್ಣವೂ ನೀರಿನದಲ್ಲ. ಪಿತ್ತಕೋಶದ ಕಲ್ಲಿರಬಹುದು, ಊಟಕ್ಕೆ ತಕ್ಕಂತೆ ಜಠರ ಹಿಗ್ಗದೆ ಇರಬಹುದು, ಅದರ ನರಗಳು ಅತಿ ಸೂಕ್ಷ್ಮವಾಗಿರಬಹುದು. ತೂಕ ಇಳಿದರೆ, ಮಲ ಕಪ್ಪಾದರೆ, ನುಂಗಲು ಕಷ್ಟವಾದರೆ ಕಷಾಯ ಕುದಿಸುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಎಲ್ಲ ನೋಡಿಯೂ ಏನಿಲ್ಲ ಎಂದರೆ ಸುಮ್ಮನೆ ಎದ್ದು ಬರಬೇಡಿ. ನಮ್ಮೂರ ನೀರು ಇಂಥದ್ದು ಎಂದು ಒಂದು ಮಾತು ಹೇಳಿ ಬನ್ನಿ.