ಟೈಟನ್ನಿನ ಮಂಜು

ಅಕ್ಕ ಅಮೆರಿಕಕ್ಕೆ ಹೋದ ವರ್ಷವೇ ಅಪ್ಪ ಹಾಸಿಗೆ ಹಿಡಿದರು. ಸಿಕ್ಕಿದ್ದ ಎಂ.ಎಸ್ಸಿ. ಸೀಟು ಬಿಟ್ಟು ನಾನು ಊರಲ್ಲೇ ಉಳಿದೆ. ಅಪ್ಪನಿಗೆ ಮಾತು ನಿಂತಿತ್ತು. ನಾಲ್ಕು ವರ್ಷ ಅವರ ಮುಖ ನೋಡುತ್ತ ಕೂತರೂ ಒಳಗೇನಿದೆಯೋ ತಿಳಿಯುತ್ತಿರಲಿಲ್ಲ.

ವಾಯೇಜರ್ ನೌಕೆಗಳ ಕಥೆ ಓದಿದ್ದು ಆ ದಿನಗಳಲ್ಲೇ. ಎರಡೂ 1977ರಲ್ಲಿ ಹೊರಟವು. 1980ರ ನವೆಂಬರಿನಲ್ಲಿ ವಾಯೇಜರ್ 1ನ್ನು ಶನಿಯ ಚಂದ್ರ ಟೈಟನ್ನಿನ ಹತ್ತಿರ ಹಾಯಿಸಿದರು. ಅದರಿಂದ ದಾರಿ ಗ್ರಹಗಳ ಸಮತಲ ಬಿಟ್ಟು ಮೇಲಕ್ಕೆ ಬಾಗಿತು. ಹೋಗಬಹುದಾಗಿದ್ದ ಪ್ಲೂಟೊ ಕೈತಪ್ಪಿತು. ಇಷ್ಟಾಗಿಯೂ ಕ್ಯಾಮೆರಾಕ್ಕೆ ಕಂಡದ್ದು ಕಿತ್ತಳೆ ಬಣ್ಣದ ಮಂಜು. ವಾಯೇಜರ್ 2 ಮಾತ್ರ ಯುರೇನಸ್, ನೆಪ್ಚೂನ್ ನೋಡಿಕೊಂಡು ಹೋಯಿತು. (ಅಕ್ಕ ಆಗ ನಯಾಗರದ ಫೋಟೊ ಕಳಿಸಿದ್ದಳು. ಹೊಟ್ಟೆ ಉರಿದದ್ದು ನಿಜ.)

ಆದರೆ ಉಳಿದ ಉಪಕರಣಗಳು ಸುಮ್ಮನಿರಲಿಲ್ಲ. ಮಂಜಿನಡಿಯ ಗಾಳಿ ಬಹುಪಾಲು ಸಾರಜನಕ, ನೆಲದ ಮೇಲೆ ಅದರ ಒತ್ತಡ ಭೂಮಿಯದರ ಸುಮಾರು ಒಂದೂವರೆ ಪಟ್ಟು ಎಂದು ಅವು ತಿಳಿಸಿದವು. 2005ರ ಜನವರಿ 14, ನಮ್ಮ ಸಂಕ್ರಾಂತಿಯ ದಿನ, ಹ್ಯೂಗೆನ್ಸ್ ಅಲ್ಲಿ ಇಳಿದು ಹೊಳೆದಂಡೆಯ ಗುಂಡುಕಲ್ಲಿನಂಥ ಹಿಮಗಡ್ಡೆಗಳ ಚಿತ್ರ ಕಳಿಸಿತು.

ಅಪ್ಪ ಹೋದ ಮೇಲೆ ಬಂದ ಅಕ್ಕ, "ಕೊನೆಗೆ ಏನಾದ್ರೂ ಅಂದ್ರೇನೋ?" ಎಂದಳು.

"ಇಲ್ಲ. ರಾತ್ರಿ ಹೊತ್ತು ಬೆರಳು ಹಿಡ್ಕೊಂಡು ಒತ್ತೋರು."

"ಎಷ್ಟು ಗಟ್ಟಿಯಾಗಿ?" ಎಂದು ಕೈ ಚಾಚಿದಳು.